ಚಪ್ಪಟೆ ಹಲಗೆಗೆ ಅರಗು ಹತ್ತಿಸಿದ್ದು: ನನ್ನ ಅನುಭವ

ಚಪ್ಪಟೆ ಹಲಗೆಯ ಮೇಲೆ ಅರಗು ನಿಲ್ಲುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಅರಗಿನ ಗೊಂಬೆ ಮಾಡುವವರ ಬಡಾವಣೆಯಾದ ಚನ್ನಪಟ್ಟಣದ ಕಲಾನಗರದಲ್ಲಿ ಹೇಳಿದರು. ಬೆಂಗಳೂರಿನ ಪೇಂಟರ್ ಗೆಳೆಯರು, ಅಷ್ಟೆಲ್ಲ ಒದ್ದಾಟ ಯಾಕೆ, ಎಪಾಕ್ಸಿ ಅನ್ನುವ ರಾಸಾಯನಿಕ ಅಂಟು ಸುರಿ, ಅದೇ ಹೊಳಪು ಬರುತ್ತದೆ ಅಂದರು. ಈಗ ಹದಿನಾಲ್ಕು ಇಂಚಿನ ದುಂಡು ಹಲಗೆಯ ತಟ್ಟೆಗಳು, ಒಂದೊಂದಕ್ಕೂ ಏಳೆಂಟು ಪದರ ಬಣ್ಣ, ಒಂದು ಮಳೆಗಾಲ ಒಂದು ಬೇಸಿಗೆ ದಾಟಿ ಬಿರುಕಿಲ್ಲದೆ ಗೋಡೆಯ ಮೇಲಿವೆ. ಹೇಗೆ ಮಾಡಿದಿರಿ ಅಂತ ಫೋನು ಮಾಡುವವರಿಗೆಲ್ಲ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ. ಲೇತ್ (ಮರವನ್ನು ತಿರುಗಿಸಿ ಕಡೆಯುವ ಯಂತ್ರ), ಉಳಿ, ಅರಗಿನ ಕಡ್ಡಿ ಬಳಸಿ ಗೊತ್ತಿರುವವರಿಗಷ್ಟೇ ಇದು ಉಪಯೋಗಕ್ಕೆ ಬಂದೀತು.

ಹುಚ್ಚು ಹತ್ತಿದ್ದು ವಿಯೆಟ್ನಾಮಿನಿಂದ. ಹನೋಯಿಯಲ್ಲಿ ಫ್ರೆಂಚರ ಕಾಲದಲ್ಲಿ, 1925ರಲ್ಲಿ, ಒಂದು ಕಲಾಶಾಲೆ ಶುರುವಾಯಿತು. ಗುಡಿಯ ಮೂರ್ತಿಗೂ ಪೆಟ್ಟಿಗೆಗೂ ಬಳಿಯುತ್ತಿದ್ದ ಲ್ಯಾಕರ್ ಮರದ ಹಾಲನ್ನು ಅಲ್ಲಿನ ಹುಡುಗರು ಕುಶಲಕರ್ಮಿಗಳ ಜೊತೆ ಕೂತು ಚಿತ್ರಕ್ಕೆ ಎಳೆದು ತಂದರು. ಬಳಿ, ಒಣಗಿಸು, ಮತ್ತೆ ಬಳಿ, ಕೊನೆಗೆ ನೀರು ಹಾಕಿ ಉಜ್ಜಿ ಕೆಳಗಿನ ಬಣ್ಣವನ್ನು ಮೇಲಕ್ಕೆ ತೆಗೆ. ಸನ್ ಮಾಯ್ ಅನ್ನುವ ಈ ಪದ್ಧತಿ ಇವತ್ತು ಆ ದೇಶದ ಆಧುನಿಕ ಕಲೆಯ ಗುರುತೇ ಆಗಿಬಿಟ್ಟಿದೆ. 2017ರಲ್ಲಿ ಸಿಂಗಪುರದ ನ್ಯಾಷನಲ್ ಗ್ಯಾಲರಿ, ಆ ಶಾಲೆಯಲ್ಲೇ ಕಲಿತ ನ್ಗುಯೆನ್ ಜಾ ತ್ರಿ ಅವರ ಹಳೆಯ ಚಿತ್ರವನ್ನೂ ಈಗಿನ ಕಲಾವಿದೆ ಫಿ ಫಿ ಓನ್ ಅವರ ಕೆಲಸವನ್ನೂ ಒಂದೇ ಪ್ರದರ್ಶನದಲ್ಲಿ ಇಟ್ಟಿತ್ತು. ಅದರ ಫೋಟೊ ನೋಡಿ ನನಗೆ ಹೊಟ್ಟೆ ಉರಿಯಿತು. ನಮ್ಮ ಚನ್ನಪಟ್ಟಣದಲ್ಲಿ ಇಷ್ಟು ಅರಗಿದೆ, ಇಷ್ಟು ಕೈಗಳಿವೆ, ನಾವು ಇನ್ನೂ ಗಿಲಕಿ, ರೈಲುಬಂಡಿಯಲ್ಲೇ ಇದ್ದೇವಲ್ಲ ಅಂತ.

ಆದರೆ ಅವರ ಪಾಕ ನಮಗೆ ನಡೆಯುವುದಿಲ್ಲ. ಅವರದು ಮರದ ಹಾಲು, ಗಾಳಿಯ ತೇವದಲ್ಲಿ ಗಟ್ಟಿಯಾಗುತ್ತದೆ. ನಮ್ಮದು ಹುಳು ಕೊಡುವ ಅಂಟು, ಹೆಚ್ಚಾಗಿ ಜಾರ್ಖಂಡ್ ಕಡೆಯಿಂದ ಬರುವಂಥದ್ದು. ಬಿಸಿಗೆ ಮೆತ್ತಗಾಗಿ ಆರಿದರೆ ಗಟ್ಟಿ. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಾಟದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಹಾಗೇ ಕುಂಚದಲ್ಲಿ ಬಳಿಯುವ ಮಾತೇ ಇಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿ ಬಳಿಯಬಹುದು, ಬಳಿದೂ ನೋಡಿದೆ. ಹೊಸ ಕೋಟಿನ ಸ್ಪಿರಿಟ್ ಕೆಳಗಿನ ಕೋಟನ್ನೇ ಕರಗಿಸಿ ಎಲ್ಲ ಬಣ್ಣ ಸೇರಿ ಕೆಸರಾಯಿತು. ಹಾಗಾಗಿ ಲೇತ್ ಬಿಟ್ಟರೆ ಗತಿಯಿಲ್ಲ, ಹಲಗೆಯನ್ನೇ ತಿರುಗಿಸಬೇಕು ಅಂತ ತೀರ್ಮಾನವಾಯಿತು.

ನನ್ನ ಜೊತೆ ಕೆಲಸ ಮಾಡಿದ ಚಾಚಾ ನಲವತ್ತು ವರ್ಷದಿಂದ ಲೇತ್ ಮುಂದೆ ಕೂತವರು. ಮೊದಲ ತಟ್ಟೆ ನೋಡಿ, “ಸಾರ್, ಅರಗು ಬುಗುರಿಗೆ, ಬಳೆಗೆ. ಇದು ರೋಡ್ ರೋಲರ್ ಚಕ್ರ ಇದ್ದಂಗೈತೆ” ಅಂದರು. ಅವರು ತಮಾಷೆ ಮಾಡಿದರೂ ಲೆಕ್ಕ ಸರಿಯಾಗಿಯೇ ಇತ್ತು. ಎರಡಿಂಚಿನ ಬುಗುರಿಗೆ ಕೂಡಿಬರುವ ವೇಗದಲ್ಲಿ ಹದಿನಾಲ್ಕಿಂಚಿನ ತಟ್ಟೆ ತಿರುಗಿದರೆ ಅಂಚು ಏಳು ಪಟ್ಟು ಜೋರಾಗಿ ಓಡುತ್ತದೆ. ಅಲ್ಲಿ ಕಡ್ಡಿ ಮುಟ್ಟಿಸಿದರೆ ಅರಗು ಗುಳ್ಳೆ ಎದ್ದು, ಕಂದಾಗಿ, ಶೆಡ್ಡೆಲ್ಲ ಸುಟ್ಟ ವಾಸನೆ. ಅಂಚಿಗೆ ಸರಿಹೋಗಲೆಂದು ವೇಗ ಇಳಿಸಿದರೆ ನಡುವೆ ಬಿಸಿಯೇ ಹುಟ್ಟುವುದಿಲ್ಲ, ಗೋಡೆಗೆ ಮೇಣದಬತ್ತಿ ಗೀಚಿದ ಹಾಗೆ ಗೆರೆಗಳು ಬರುತ್ತವೆ. ಹಾಟ್ ಏರ್ ಗನ್ ತಂದೆ, ಸುಮಾರು ಎರಡೂವರೆ ಸಾವಿರ. ನಡುವೆ ಕರಗಿತು ನಿಜ, ಆದರೆ ಒಂದೇ ದಪ್ಪಕ್ಕೆ ಕೂರಲಿಲ್ಲ. ಉಜ್ಜುವಾಗ ಒಂದು ಕಡೆ ಮರ ಕಂಡರೆ ಇನ್ನೊಂದು ಕಡೆ ಇನ್ನೂ ಮೂರು ಪದರ ಬಾಕಿ.

ದಾರಿ ತೋರಿಸಿದ್ದು ಚಾಚಾ. ಒಂದು ಮಧ್ಯಾಹ್ನ ಬೀಡಿ ಆರಿಸಿ, “ನಡು ಯಾಕೆ ಬೇಕು? ತೆಗೆದು ಬಿಸಾಕಿ” ಅಂದರು. ಐದಿಂಚಿನ ತೂತು ಕೊರೆದೆವು. ತಟ್ಟೆ ಉಂಗುರವಾಯಿತು. ಒಳ ಅಂಚಿಗೂ ಹೊರ ಅಂಚಿಗೂ ವೇಗದ ವ್ಯತ್ಯಾಸ ಮೂರು ಪಟ್ಟಿನೊಳಗೆ ಬಂತು, ಬೆಲ್ಟನ್ನು ಎರಡು ಮೆಟ್ಟಿಲ ಪುಲ್ಲಿಯಲ್ಲಿ ಬದಲಿಸಿಕೊಂಡು ನಿಭಾಯಿಸಬಹುದು. ನಡುವಿನ ತುಂಡನ್ನು ಬೇರೆಯಾಗಿ, ಬುಗುರಿಯ ಹಾಗೇ ಕಡೆದು, ಅದೇ ಬಣ್ಣಗಳನ್ನು ಕೂರಿಸಿ ಕೊನೆಗೆ ಒತ್ತಿ ಸೇರಿಸುತ್ತೇವೆ. ಕೆಲವು ತಟ್ಟೆಗಳಿಗೆ ಅದನ್ನು ಸೇರಿಸದೆ ತೂತು ಹಾಗೇ ಬಿಟ್ಟಿದ್ದೇನೆ. ಫೈನ್ ಆರ್ಟ್ಸ್ ಓದಿದ ನನಗೆ ಹೊಳೆಯದ್ದು ಅವರಿಗೆ ಹೊಳೆಯಿತು. ಹೊಸ ಆಲೋಚನೆ ಕಲಾವಿದನದು, ಕೈಕೆಲಸ ಕುಶಲಕರ್ಮಿಯದು ಅನ್ನುವ ಸೆಮಿನಾರ್ ಭಾಷಣ ಕೇಳಿದಾಗೆಲ್ಲ ನನಗೆ ಈ ತೂತು ನೆನಪಾಗಿ ನಗು ಬರುತ್ತದೆ.

ಮರದ್ದು ಇನ್ನೊಂದು ಪಾಡು. ಗೊಂಬೆಗೆ ಬಳಸುವ ಆಲೆ ಮರ ಅಷ್ಟು ಅಗಲಕ್ಕೆ ಸಿಗುವುದಿಲ್ಲ. ಪಟ್ಟಿ ಅಂಟಿಸಿ ಮಾಡಿದ್ದು ಫೆಬ್ರವರಿ ಬಿಸಿಲಿಗೆ ಬಾಯಿ ಬಿಟ್ಟಿತು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಚೆನ್ನಾಗಿ ಕಡೆಯಲು ಬರುತ್ತದೆ, ನೀರು ಹಾಕಿ ಉಜ್ಜುವಾಗ ಅಂಚು ಉಬ್ಬುತ್ತದೆ. ಈಗ ಒಳ್ಳೆಯ ವಾಟರ್‌ಪ್ರೂಫ್ ಪ್ಲೈ, ಹಿಂದೆ ಮುಂದೆ ಎರಡೂ ಕಡೆ ಸ್ಪಿರಿಟ್‌ನಲ್ಲಿ ಕರಗಿಸಿದ ಚಪ್ಡಾ (ಶುದ್ಧ ಮಾಡಿದ ಅರಗಿನ ಚಕ್ಕೆ) ಎರಡು ಕೈ ಹಚ್ಚಿ, ಆಮೇಲೆ ಅರಗು. ಹಿಂದಿನ ಕಡೆ ಹಚ್ಚದಿದ್ದರೆ ತಟ್ಟೆ ಸೊಟ್ಟಗಾಗುತ್ತದೆ, ಸೋಮಾರಿತನ ಮಾಡಬೇಡಿ.

ಉಜ್ಜುವ ವಿಷಯ. ಒಣದಾಗಿ ಉಜ್ಜಿದರೆ ಆ ಬಿಸಿಗೇ ಅರಗು ಕರಗಿ ಉಜ್ಜುಕಾಗದಕ್ಕೆ ಅಂಟುತ್ತದೆ. ನೀರಿಗೆ ಒಂದು ಹನಿ ಸೋಪಿನ ನೀರು ಬಿಟ್ಟು ನಾನೂರು, ಎಂಟುನೂರು, ಕೊನೆಗೆ ಸಾವಿರದೈನೂರು ನಂಬರಿನ ಉಜ್ಜುಕಾಗದ. ನೀರು ಬಿದ್ದ ಅರಗು ಬೆಳ್ಳಗೆ ಮಂಕಾಗುತ್ತದೆ, ಗಾಬರಿ ಬೇಡ, ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಟ್ಟರೆ ಹೋಗುತ್ತದೆ. ಆಮೇಲೆ ಮತ್ತೆ ಲೇತಿಗೆ ಹಾಕಿ ನಿಧಾನ ವೇಗದಲ್ಲಿ ತಾಳೆಗರಿ ಒತ್ತಿ ಹಿಡಿದರೆ ಹೊಳಪು. ಮುಖ್ಯ ಉಪಾಯ ಒಂದನ್ನು ಹೇಳುತ್ತೇನೆ: ಪ್ರತಿ ಎರಡು ಬಣ್ಣದ ನಡುವೆ ತೆಳ್ಳಗೆ ಕಪ್ಪು ಕೂರಿಸಿ. ಉಜ್ಜುವಾಗ ಕಪ್ಪು ಗೆರೆ ಮೂಡಿದ ಕೂಡಲೇ ಕೈ ತಡೆಯಬೇಕು, ಇಲ್ಲದಿದ್ದರೆ ಮುಂದಿನ ಪದರ ಹೋಗುತ್ತದೆ. ಕಣ್ವ ಜಲಾಶಯದ ನೀರು ಇಳಿದಾಗ ದಡದಲ್ಲಿ ಉಳಿಯುವ ಗೆರೆಗಳೇ ನನ್ನ ಚಿತ್ರದ ವಸ್ತು, ಹಾಗಾಗಿ ಈ ಕಪ್ಪು ನನಗೆ ಎರಡು ಥರದಲ್ಲಿ ಕೆಲಸಕ್ಕೆ ಬಂತು.

ಪದರ ಚಕ್ಕೆ ಏಳದಿರಲು ಕಡ್ಡಿ ಕಾಯಿಸುವಾಗ ಒಂದು ಪದಾರ್ಥ ಬೀಳುತ್ತದೆ. ಅದು ಚಾಚಾ ಮನೆಯ ಗುಟ್ಟು, ಹೇಳುವ ಹಕ್ಕು ನನಗಿಲ್ಲ. ರಾಳ ಅಂತೂ ಅಲ್ಲ. ರಾಳ ಹಾಕಿದರೆ ಇನ್ನೂ ಬೇಗ ಪುಡಿಯಾಗುತ್ತದೆ, ನೋಡಿ ಆಗಿದೆ. ಎರಡನೇ ಪದರದಲ್ಲಿ ಸಣ್ಣ ತಗ್ಗು ಮಾಡುವ ಸಲಕರಣೆ ನನ್ನದೇ, ಅದನ್ನೂ ಸದ್ಯಕ್ಕೆ ಬಿಟ್ಟುಕೊಡುತ್ತಿಲ್ಲ.

ನಡುನಡುವೆ ಅಡ್ಡದಾರಿ ಹಿಡಿದದ್ದೂ ಉಂಟು. ಜಪಾನಿನ ಹಿರೊಸಾಕಿ ಕಡೆ ತ್ಸುಗರು ಅನ್ನುವ ಲೇಪದ ಪದ್ಧತಿಯಲ್ಲಿ ಹಸಿ ಲೇಪದ ಮೇಲೆ ಸಾಸಿವೆ ಜಾತಿಯ ಕಾಳು ಚೆಲ್ಲಿ, ಒಣಗಿದ ಮೇಲೆ ಉದುರಿಸುತ್ತಾರೆ. ಕಾಳಿನ ಸುತ್ತ ಎದ್ದ ಅಂಚು ಉಜ್ಜಿದಾಗ ಪುಟ್ಟ ಉಂಗುರವಾಗಿ ಕಾಣುತ್ತದೆ. ನಾನು ಬಿಸಿ ಅರಗಿನ ಮೇಲೆ ರಾಗಿ ಚೆಲ್ಲಿದೆ. ಅರಗು ಬಿಡುತ್ತದೆಯೇ? ಒಂದೂ ಉದುರಲಿಲ್ಲ. ಹೋಗಲಿ ಅಂತ ಹಾಗೇ ಉಜ್ಜಿದರೆ ಕೆಂಪು ಉಂಗುರದೊಳಗೆ ಬಿಳಿ ಚುಕ್ಕಿ, ನೋಡಲು ಬಲು ಚೆಂದ. ಅರ್ಧ ಗಂಟೆಯಲ್ಲಿ ನೀರು ಕುಡಿದು ರಾಗಿ ಊದಿಕೊಂಡು ಅರಗನ್ನು ಸೀಳಿಕೊಂಡು ಮೇಲೆ ಬಂತು. ನಮ್ಮ ಸಾಸಿವೆ ಹಾಕಿದರೆ ಎಣ್ಣೆ ಬಿಟ್ಟು ಮೇಲಿನ ಪದರ ಹಿಡಿಯಲಿಲ್ಲ. ವಿಯೆಟ್ನಾಮಿನವರ ಮೊಟ್ಟೆಚಿಪ್ಪು ಮಾತ್ರ ಚೆನ್ನಾಗಿ ಕೂತಿತು. ಅವರ ಮರದ ಹಾಲು ಯಾವ ಬಿಳಿಯನ್ನೂ ಕಂದು ಮಾಡಿಬಿಡುತ್ತದೆ, ಬಿಳಿಗಾಗಿ ಬಾತುಮೊಟ್ಟೆಯ ಚಿಪ್ಪು ಅವರಿಗೆ ಬೇಕೇ ಬೇಕು. ನಮ್ಮ ಅರಗಿಗೆ ಬಿಳಿ ಪುಡಿ ಹಾಕಿದರೆ ಸಾಕಾದಷ್ಟು ಬಿಳಿ ಬರುತ್ತದೆ, ಹಾಗಾಗಿ ಎರಡು ತಟ್ಟೆ ಮಾಡಿ ಕೈಬಿಟ್ಟೆ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಮಂಗಳೂರಿನಿಂದ ತರಿಸಿದ್ದೆ. ಗೇರು, ಜಪಾನಿನ ಲೇಪದ ಮರ, ನಮ್ಮ ಘಟ್ಟದ ಹೊಲಗೇರು ಎಲ್ಲ ಒಂದೇ ಸಸ್ಯಕುಟುಂಬ. ಬಳಿದದ್ದು ವಾರವಾದರೂ ಅಂಟಂಟು, ತೋಳ ತುಂಬ ಗುಳ್ಳೆ. ಆ ಕ್ಯಾನ್ ಈಗಲೂ ಶೆಡ್ಡಿನ ಮೂಲೆಯಲ್ಲಿದೆ, ಬೇಕಾದವರು ಒಯ್ಯಬಹುದು.

ದುಡ್ಡಿನ ಮಾತು. ಎರಡು ವರ್ಷದಲ್ಲಿ ಹೆಚ್ಚುಕಡಿಮೆ ಮೂರೂವರೆ ಲಕ್ಷ ಹೋಗಿದೆ. ಅರಗು, ಪ್ಲೈ ದೊಡ್ಡ ಖರ್ಚಲ್ಲ, ಲೇತ್ ಬಾಡಿಗೆ ಮತ್ತು ಕೂಲಿಯೇ ಮುಕ್ಕಾಲು ಪಾಲು. ಶುರುವಿನಲ್ಲಿ ಚಾಚಾಗೆ ದಿನಕ್ಕೆ ಸಾವಿರದಿನ್ನೂರರಂತೆ ಕೊಡುತ್ತಿದ್ದೆ. ದಿನಗೂಲಿಯಲ್ಲಿ ಯಾರೂ ಪ್ರಯೋಗ ಮಾಡುವುದಿಲ್ಲ, ಸಾಯಂಕಾಲದೊಳಗೆ ಲೆಕ್ಕಕ್ಕೆ ತಟ್ಟೆ ಬೇಕು ಅಷ್ಟೆ. ಮಾರಿದ್ದರಲ್ಲಿ ನಾಲ್ಕನೇ ಒಂದು ಪಾಲು ಅಂತ ಮಾಡಿಕೊಂಡ ಮೇಲೆಯೇ ನಡುವಿನ ತುಂಡು, ಬೆಲ್ಟಿನ ಲೆಕ್ಕ, ಎಲ್ಲ ಬಂದದ್ದು. ಈಗ ತಟ್ಟೆಯ ಹಿಂದೆ ಇಬ್ಬರ ಹೆಸರೂ ಇರುತ್ತದೆ. ಇದರಿಂದ ಒಂದು ಗ್ಯಾಲರಿ ಕೈತಪ್ಪಿತು. ಎರಡು ಹೆಸರಿದ್ದರೆ ಕರಕುಶಲ ವಸ್ತುವಾಗುತ್ತದೆ, ಎಂಪೋರಿಯಮ್ಮಿಗೆ ಕೊಡಿ ಅಂದರು. ಎಂಪೋರಿಯಮ್ಮಿನ ರೇಟಿಗೆ ನನ್ನ ಪ್ಲೈ ಕಾಸೂ ಹುಟ್ಟುವುದಿಲ್ಲ.

ಬೆಂಗಳೂರಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಫುಟ್‌ಪಾತಿನಲ್ಲಿ ಇಟ್ಟಾಗ, ನಡುವೆ ತೂತಿದ್ದ ತಟ್ಟೆ ನೋಡಿ ಹತ್ತು ಜನರಲ್ಲಿ ಆರು ಜನ ಕೇಳಿದ್ದು, “ಗಡಿಯಾರದ ಮುಳ್ಳು ಎಲ್ಲಿ?” ಒಬ್ಬ ಅಜ್ಜಿ ಮಾತ್ರ ಬೆರಳಾಡಿಸಿ ನೋಡಿ, “ಇದು ಬಣ್ಣ ಬಳಿದಿದ್ದಲ್ಲ ಕಣಪ್ಪ, ಒಳಗಿಂದ ಬಂದಿರೋದು” ಅಂದರು. ಕೊಳ್ಳಲಿಲ್ಲ. ಆ ದಿನ ನಾಲ್ಕೋ ಐದೋ ಹೋದವು, ಇಪ್ಪತ್ತು ಸಾವಿರದ ಆಚೀಚೆ. ಆಮೇಲೆ ಮನೆ ಕಟ್ಟಿಸುವ ಆರ್ಕಿಟೆಕ್ಟ್ ಒಬ್ಬರ ಮೂಲಕ ಒಂದಷ್ಟು ದೊಡ್ಡ ಬೆಲೆಗೆ ಹೋದವು. ಹಾಕಿದ ದುಡ್ಡು ಪೂರ್ತಿ ವಾಪಸ್ ಬಂದಿಲ್ಲ, ಆದರೆ ಈ ವರ್ಷ ಕೈಯಿಂದ ಹಾಕುವುದು ನಿಂತಿದೆ.

ಚನ್ನಪಟ್ಟಣದ ಕೆಲಸವೇ ಹೊರಗಿನಿಂದ ಬಂದು ಬೆಳೆದದ್ದು. ಟಿಪ್ಪು ಕಾಲದಲ್ಲಿ ಪರ್ಷಿಯಾದಿಂದ ಬಂತೆಂದೂ, ಆಮೇಲೆ ಬಾವಾಸ್ ಮಿಯಾ ಅನ್ನುವ ಕುಶಲಕರ್ಮಿ ಜಪಾನಿನ ಪದ್ಧತಿ ಸೇರಿಸಿದರೆಂದೂ ಊರಿನವರು ಹೇಳುತ್ತಾರೆ. ಹಳೆಯದನ್ನು ಕೆಡಿಸುತ್ತೀರಿ ಅಂತ ನನ್ನ ಮೇಲೆ ಹರಿಹಾಯುವವರು ಅದನ್ನೂ ಸ್ವಲ್ಪ ಕೇಳಿಸಿಕೊಳ್ಳಲಿ.

ಈಗ ಇಪ್ಪತ್ತಿಂಚಿಗೆ ಕೈ ಹಾಕಿದ್ದೇವೆ. ವೇಗ ಏರಿಳಿಸುವ ಡ್ರೈವ್ ಒಂದನ್ನು ಹತ್ತು ಸಾವಿರ ಚಿಲ್ಲರೆ ಕೊಟ್ಟು ತಂದು ಮೋಟಾರಿಗೆ ಜೋಡಿಸಿದೆ, ಇನ್ನು ಬೆಲ್ಟ್ ಬದಲಿಸುವ ಕಿರಿಕಿರಿ ಇಲ್ಲ ಅಂತ. ಚಾಚಾ ಒಂದು ದಿನ ತಿರುಗಿಸಿ ನೋಡಿ ಆಫ್ ಮಾಡಿದರು. ಬೆಲ್ಟಿನ ಸದ್ದು ಕೇಳಿಯೇ ಅವರು ಕಡ್ಡಿ ಎಷ್ಟು ಒತ್ತಬೇಕು ಅಂತ ತಿಳಿಯುವುದಂತೆ. ಸದ್ಯಕ್ಕೆ ಡ್ರೈವ್ ಉಜ್ಜುವುದಕ್ಕೆ, ಬೆಲ್ಟ್ ಅರಗಿಗೆ ಅಂತ ರಾಜಿಯಾಗಿದೆ.