ಅನ್‌ಕಂಡೀಷನಲ್ ಆಫರ್ ಬಂದ ಮೇಲೂ ನಾವು ಯಾಕೆ ಮೇಲ್ ಕಳಿಸುತ್ತೇವೆ

ಪ್ರತಿ ವರ್ಷ ಮೇ ತಿಂಗಳಲ್ಲಿ ಯಾರೋ ಒಬ್ಬ ಅಪ್ಪನಿಂದ ಇಂಥದ್ದೊಂದು ಫೋನ್ ಬಂದೇ ಬರುತ್ತದೆ. "ಮೇಡಂ, ನಮ್ಮ ಮಗಳಿಗೆ ನಿಮ್ಮ ಯೂನಿವರ್ಸಿಟಿಯಿಂದ ಅನ್‌ಕಂಡೀಷನಲ್ ಆಫರ್ ಬಂದಿದೆ. ನೆಂಟರಿಗೆಲ್ಲ ಹೇಳಿದ್ದೂ ಆಯ್ತು. ಈಗ ನೋಡಿದ್ರೆ ಮಾರ್ಕ್ಸ್ ಕಾರ್ಡ್ ವೆರಿಫೈ ಆಗಬೇಕು ಅಂತ ಮೇಲ್ ಕಳಿಸಿದ್ದೀರಿ. ಇದೆಂಥ ಅನ್‌ಕಂಡೀಷನಲ್ ಮೇಡಂ?" ಧ್ವನಿಯಲ್ಲಿ ಸಿಟ್ಟು ಕಮ್ಮಿ, ಭಯ ಜಾಸ್ತಿ.

ನಾನು ಜಯನಗರದ ಒಂದು ಸಣ್ಣ ಆಫೀಸಿನಲ್ಲಿ ಕೂತು, ಬ್ರಿಟನ್ನಿನ ಒಂದು ಯೂನಿವರ್ಸಿಟಿಗೆ ಇಲ್ಲಿಂದ ಹೋಗುವ ಅರ್ಜಿಗಳ ದಾಖಲೆ ನೋಡುತ್ತೇನೆ. ಇದು ಏಳನೇ ವರ್ಷ. ಅದಕ್ಕೂ ಮುಂಚೆ ನಾಲ್ಕು ವರ್ಷ ಇದೇ ಊರಿನ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿದ್ದೆ. ಹಾಗಾಗಿ "ಈ ಮಾರ್ಕ್ಸ್ ಕಾರ್ಡ್ ನಿಮ್ಮದೇನಾ?" ಎಂದು ಕೇಳುವ ಕುರ್ಚಿಯೂ ಗೊತ್ತು, ಉತ್ತರ ಕೊಡುವ ಕುರ್ಚಿಯೂ ಗೊತ್ತು.

ಮೊದಲು ಆ ಅಪ್ಪನ ಪ್ರಶ್ನೆ. ಅನ್‌ಕಂಡೀಷನಲ್ ಎಂದರೆ ಇಷ್ಟೇ: ನೀವು ಕೊಟ್ಟ ದಾಖಲೆಗಳ ಪ್ರಕಾರ ಬೇಕಾದ ಅಂಕ, ಇಂಗ್ಲಿಷ್ ಎಲ್ಲ ಇದೆ, ಓದಿನ ಷರತ್ತು ಏನೂ ಬಾಕಿ ಇಲ್ಲ. ಆ ದಾಖಲೆಗಳು ನಿಜವೇ ಎನ್ನುವುದು ಬೇರೆ ಮಾತು. ದಾಖಲೆ ಸುಳ್ಳು ಎಂದು ಗೊತ್ತಾದರೆ ಆಫರ್ ವಾಪಸ್ ಪಡೆಯುತ್ತೇವೆ ಎಂದು ಷರತ್ತುಗಳ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ನಾನೂ ಈ ಕೆಲಸಕ್ಕೆ ಬರುವವರೆಗೆ ಓದಿರಲಿಲ್ಲ.

ಆಫರ್ ಆದಮೇಲೆ ಕ್ಯಾಸ್ ಬರಬೇಕು. ಅದು ಯೂನಿವರ್ಸಿಟಿ ಕೊಡುವ ಒಂದು ನಂಬರ್. ಅದಿಲ್ಲದೆ ಸ್ಟೂಡೆಂಟ್ ವೀಸಾಗೆ ಅರ್ಜಿ ಹಾಕಲು ಆಗುವುದಿಲ್ಲ, ಸಿಕ್ಕ 6 ತಿಂಗಳೊಳಗೆ ಬಳಸಬೇಕು. ಯಾವ ದಾಖಲೆ ನೋಡಿ ಸೀಟು ಕೊಟ್ಟೆವು ಎಂದು ನಾವು ಅದರಲ್ಲಿ ನಮೂದಿಸಬೇಕು. ಅಂದರೆ ಬ್ರಿಟನ್ ಸರ್ಕಾರಕ್ಕೆ ನಾವು ಒಂದು ರೀತಿಯಲ್ಲಿ ಜಾಮೀನು ನಿಂತ ಹಾಗೆ. ಒಂದು ಯೂನಿವರ್ಸಿಟಿಯ ವಿದ್ಯಾರ್ಥಿಗಳ ವೀಸಾ ನಿರಾಕರಣೆ ಶೇ. 10 ಮುಟ್ಟಬಾರದು ಎಂಬ ನಿಯಮ ಅಲ್ಲಿ ವರ್ಷಗಟ್ಟಲೆ ಇತ್ತು. 2025ರಲ್ಲಿ ಅದನ್ನು ಶೇ. 5ಕ್ಕೆ ಇಳಿಸುವ ಪ್ರಸ್ತಾಪ ಬಂತು. ಮಿತಿ ದಾಟಿದರೆ ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಪರವಾನಗಿಗೇ ಕುತ್ತು. ಆದ್ದರಿಂದ ನಮ್ಮ ಅನುಮಾನ ನಿಮ್ಮ ಮಗಳ ಮೇಲಲ್ಲ ಎಂದು ಆ ಅಪ್ಪನಿಗೆ ಹೇಳುತ್ತೇನೆ. ಅವರು ನಂಬುವುದಿಲ್ಲ, ಇರಲಿ.

ಕೆಲವು ದಾಖಲೆಗಳ ಕೆಲಸ ಎರಡೇ ನಿಮಿಷ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಆದರೆ ಫಲಿತಾಂಶದ ಹಾಳೆಯ ಮೇಲಿನ ನಂಬರ್ ಹಾಕಿದರೆ ಅಸಲಿ ಅಂಕ ಅವರ ಪೋರ್ಟಲ್‌ನಲ್ಲೇ ಕಾಣುತ್ತದೆ. 2 ವರ್ಷ ಆಗಿಲ್ಲ ಎಂದು ನೋಡಿಕೊಂಡರೆ ಸಾಕು. ಡಿಗ್ರಿ ಕೋರ್ಸಿಗೆ ಯೂಕ್ಯಾಸ್ (ಬ್ರಿಟನ್ನಿನ ಡಿಗ್ರಿ ಅರ್ಜಿಗಳೆಲ್ಲ ಹೋಗುವ ಕೇಂದ್ರ ಸಂಸ್ಥೆ) ಮೂಲಕ ಹೋಗುವ ಎ-ಲೆವೆಲ್ (ನಮ್ಮ ಪಿಯುಸಿ ಥರದ್ದು) ಮಕ್ಕಳ ಫಲಿತಾಂಶವನ್ನು ಅಲ್ಲಿನ ಪರೀಕ್ಷಾ ಮಂಡಳಿಗಳೇ ಯೂಕ್ಯಾಸ್‌ಗೆ ಕಳಿಸುತ್ತವೆ. ಮಧ್ಯದಲ್ಲಿ ಹುಡುಗನ ಕೈಗೆ ಕಾಗದ ಬರುವುದೇ ಇಲ್ಲ. ನಮ್ಮ ಪಿಯುಸಿ, ಡಿಗ್ರಿಗೆ ಅಂಥ ಪೈಪ್‌ಲೈನ್ ಇಲ್ಲ. ಅಲ್ಲಿಂದಲೇ ನನ್ನ ನಿಜವಾದ ಕೆಲಸ ಶುರು.

ಡಿಜಿಲಾಕರ್ ಬಂದಮೇಲೆ ಅರ್ಧ ಭಾರ ಇಳಿದಿದೆ. ಆದರೆ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅದರಲ್ಲಿ ಬೋರ್ಡು ಅಥವಾ ವಿಶ್ವವಿದ್ಯಾಲಯ ತಾನೇ ಹಾಕಿದ ದಾಖಲೆ ಬೇರೆ, ನೀವು ಸ್ಕ್ಯಾನ್ ಮಾಡಿ ಏರಿಸಿಕೊಂಡ ದಾಖಲೆ ಬೇರೆ. ಮೊದಲನೆಯದು 'ಇಶ್ಯೂಡ್' ಎನ್ನುವ ಕಡೆ ಕೂರುತ್ತದೆ. ಎರಡನೆಯದು ಬರೀ ನಿಮ್ಮ ಬೀರು. "ಡಿಜಿಲಾಕರ್‌ನಲ್ಲೇ ಇದೆಯಲ್ಲ ಮೇಡಂ" ಎಂದು ತಮ್ಮದೇ ಫೋಟೋವನ್ನು ಕಳಿಸುವವರು ತುಂಬ ಜನ. ಬೀರುವಿನಲ್ಲಿಟ್ಟ ಮಾತ್ರಕ್ಕೆ ಝೆರಾಕ್ಸ್ ಅಸಲಿ ಆಗುತ್ತದಾ?

ಇಶ್ಯೂಡ್ ಕಡೆ ಇಲ್ಲದಿದ್ದರೆ ಹಳೇ ದಾರಿ. ವಿಶ್ವವಿದ್ಯಾಲಯದ ಕುಲಸಚಿವರು (ಮೌಲ್ಯಮಾಪನ), ಇಲ್ಲವೇ ಸ್ವಾಯತ್ತ ಕಾಲೇಜಾದರೆ ಪರೀಕ್ಷಾ ನಿಯಂತ್ರಕರು, ಅವರಿಗೆ ಬರೆಯಬೇಕು. ಆ ಕಡೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನನ್ನ ಕಾಲೇಜಿನ ದಿನಗಳಲ್ಲಿ ಹೊರದೇಶದಿಂದ ಲಕೋಟೆ ಬರುತ್ತಿತ್ತು, ಒಳಗೆ ಮಸುಕು ಝೆರಾಕ್ಸ್. ಆ ವರ್ಷದ ಲೆಡ್ಜರ್ ಇಳಿಸಿ, ಧೂಳು ಕೊಡವಿ, ಸ್ಕೇಲ್ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸುತ್ತಿದ್ದೆ. ಅದಕ್ಕೆ ಹತ್ತು ನಿಮಿಷ. ಆಮೇಲೆ ಫೈಲು ಸೂಪರಿಂಟೆಂಡೆಂಟ್ ಮೇಜಿನ ಮೇಲೆ ಹತ್ತು ದಿನ. ಇನ್ನೊಂದು ತಮಾಷೆ ಎಂದರೆ ವೆರಿಫಿಕೇಷನ್ ಶುಲ್ಕಕ್ಕೆ ಡಿಡಿ ಕೇಳುತ್ತಿದ್ದೆವು. ಸ್ಕಾಟ್ಲೆಂಡಿನಲ್ಲಿ ಕೂತ ಗುಮಾಸ್ತ ಬೆಂಗಳೂರಿನ ಬ್ಯಾಂಕಿಗೆ ಡಿಡಿ ಎಲ್ಲಿಂದ ತರಬೇಕು? ಕೊನೆಗೆ ವಿದ್ಯಾರ್ಥಿಯ ಅಮ್ಮನೇ ಬಂದು ದುಡ್ಡು ಕಟ್ಟಿ ಹೋಗುತ್ತಿದ್ದರು.

ಆ ಅನುಭವದಿಂದ ಈಗ ನಾನು ಮೇಲ್ ಬರೆಯುವ ರೀತಿಯೇ ಬೇರೆ. ಉದ್ದುದ್ದ ಕೇಳುವುದಿಲ್ಲ. ಹೆಸರು, ರಿಜಿಸ್ಟರ್ ನಂಬರ್, ಪರೀಕ್ಷೆಯ ತಿಂಗಳು-ವರ್ಷ, ಒಟ್ಟು ಅಂಕ, ಕೆಳಗೆ "ನಿಮ್ಮ ದಾಖಲೆಗೆ ಹೊಂದುತ್ತದೆಯೇ, ಇಲ್ಲವೇ?" ಅಷ್ಟೇ. ಜೊತೆಗೆ ವಿದ್ಯಾರ್ಥಿ ಸಹಿ ಮಾಡಿದ ಒಪ್ಪಿಗೆ ಪತ್ರ. ಶುಲ್ಕವನ್ನು ಮೊದಲೇ ಕಟ್ಟಿ ರಸೀದಿ ಲಗತ್ತಿಸುತ್ತೇನೆ. ಒಂದು ಸಾಲಿನಲ್ಲಿ ಉತ್ತರಿಸಬಹುದಾದ ಮೇಲ್‌ಗೆ ಉತ್ತರ ಬೇಗ ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಒಮ್ಮೆ ಮೋಸ ಹೋದೆ. ಮೂರು ವರ್ಷದ ಹಿಂದಿನ ಮಾತು. ಬೇರೆ ರಾಜ್ಯದ ಒಂದು ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್, ಅಂದರೆ ಪೂರ್ತಿ ಕೋರ್ಸಿನ ಅಂಕಪಟ್ಟಿ. ಸೀಲು ಮಾಡಿದ ಕವರ್, ಅಂಟಿಸಿದ ಜಾಗದ ಮೇಲೆ ಸಹಿ, ಒಳಗೆ ದಪ್ಪ ಕಾಗದ, ಎಲ್ಲ ಅಚ್ಚುಕಟ್ಟು. ಲೆಟರ್‌ಹೆಡ್‌ನಲ್ಲಿದ್ದ ಮೇಲ್ ವಿಳಾಸಕ್ಕೇ ಬರೆದೆ. ಮರುದಿನವೇ ಉತ್ತರ: ದಾಖಲೆ ಸರಿಯಾಗಿದೆ. ಮರುದಿನವೇ! ನಾಲ್ಕು ವರ್ಷ ಪರೀಕ್ಷಾ ವಿಭಾಗದಲ್ಲಿ ಕೂತವಳಿಗೆ ಅಲ್ಲೇ ಅನುಮಾನ ಬರಬೇಕಿತ್ತು. ನನಗೆ ಖುಷಿಯಾಯಿತು. ಆ ಹುಡುಗನಿಗೆ ಅನ್‌ಕಂಡೀಷನಲ್ ಆಫರ್ ಹೋಯಿತು.

ಕ್ಯಾಸ್‌ಗೆ ಮುಂಚೆ ಎರಡನೇ ಸುತ್ತಿನ ಪರಿಶೀಲನೆ ಇರುತ್ತದೆ, ಬೇರೆಯವರು ಮಾಡುತ್ತಾರೆ. ನನ್ನ ಸಹೋದ್ಯೋಗಿ ಲೆಟರ್‌ಹೆಡ್ ನೋಡಲೇ ಇಲ್ಲ. ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದ ತಾನೇ ನಂಬರ್ ಹುಡುಕಿ ಫೋನ್ ಮಾಡಿದ. ಹುಡುಗ ಅಲ್ಲಿ ಓದಿದ್ದು ನಿಜ, ಪಾಸಾಗಿದ್ದೂ ನಿಜ. ಆದರೆ ಅಸಲಿ ಅಂಕ ಶೇ. 54, ನಮ್ಮ ಮುಂದಿದ್ದ ಕಾಗದದಲ್ಲಿ ಶೇ. 66. ಅಪ್ಪ-ಮಗನಿಗೆ ಪರಿಚಯವಾದ ಯಾರೋ ಏಜೆಂಟ್ "ಸ್ವಲ್ಪ ಸರಿ ಮಾಡಿಕೊಟ್ಟಿದ್ದ". ಕವರಿನಿಂದ ಹಿಡಿದು ನನಗೆ ಬಂದ ಉತ್ತರದವರೆಗೆ ಎಲ್ಲ ಅವನದೇ ಕೈಚಳಕ. ಆಫರ್ ವಾಪಸಾಯಿತು. ಅದು ವೀಸಾ ಅರ್ಜಿಯವರೆಗೆ ಹೋಗಿ ಸಿಕ್ಕಿಬಿದ್ದಿದ್ದರೆ 10 ವರ್ಷ ಬ್ರಿಟನ್ ವೀಸಾದ ಬಾಗಿಲು ಮುಚ್ಚುವ ನಿಯಮವಿದೆ. ನನಗೆ ಇನ್ನೂ ಚುಚ್ಚುವುದು ಬೇರೆ. ಆ 54ಕ್ಕೇ ನಮ್ಮಲ್ಲಿ ಇನ್ನೊಂದು ಕೋರ್ಸ್ ಸಿಗುತ್ತಿತ್ತು.

ಅವತ್ತಿನಿಂದ ನನಗೆ ನಾನೇ ಹಾಕಿಕೊಂಡ ಕಟ್ಟುಪಾಡು ಒಂದೇ: ಕಾಗದವನ್ನು ನೋಡುವುದಕ್ಕಿಂತ ಅದು ಬಂದ ದಾರಿ ನೋಡು. ಕಾಗದದ ಮೇಲಿರುವ ಫೋನು, ಮೇಲ್, ಕ್ಯೂಆರ್ ಕೋಡ್ ಯಾವುದನ್ನೂ ಹಾಗೇ ನಂಬುವುದಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ತೆರೆಯುವ ಪುಟದ ವಿಳಾಸವನ್ನು ಅಕ್ಷರ ಅಕ್ಷರ ಓದುತ್ತೇನೆ.

ಹಾಗಂತ ವಿಚಿತ್ರವಾಗಿ ಕಂಡಿದ್ದೆಲ್ಲ ಸುಳ್ಳಲ್ಲ. ನನ್ನ ಅರ್ಧ ದಿನ ಹೋಗುವುದು ಬ್ರಿಟನ್ನಿನಲ್ಲಿ ಕೂತ ನಮ್ಮವರಿಗೆ ನಮ್ಮ ಊರನ್ನು ಅರ್ಥ ಮಾಡಿಸುವುದರಲ್ಲೇ. ಒಮ್ಮೆ ಅಲ್ಲಿನ ತಂಡದವರು ಒಬ್ಬಳ ಫೈಲಿಗೆ ಕೆಂಪು ಗುರುತು ಹಾಕಿದರು: ಬಿಇ ಎಂಟು ಸೆಮಿಸ್ಟರ್, ಆದರೆ ಮಾರ್ಕ್ಸ್ ಕಾರ್ಡು ಆರೇ ಇವೆ, ಮೊದಲ ವರ್ಷದ್ದು ಮುಚ್ಚಿಟ್ಟಿದ್ದಾಳೆ. ನಾನು ಅವಳ ಯುಎಸ್‌ಎನ್, ಅಂದರೆ ವಿದ್ಯಾರ್ಥಿ ನಂಬರ್, ನೋಡಿದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೊಡುವ ಆ ನಂಬರ್ ಒಂದು ಪುಟ್ಟ ಜಾತಕ ಇದ್ದ ಹಾಗೆ. ಮೊದಲ ಅಂಕಿ ವಲಯ, ಬೆಂಗಳೂರಿಗೆ 1. ಆಮೇಲೆ ಎರಡಕ್ಷರ ಕಾಲೇಜು, ಎರಡಂಕಿ ವರ್ಷ, ಎರಡಕ್ಷರ ಬ್ರಾಂಚ್, ಕೊನೆಗೆ ಮೂರಂಕಿ. ಇವಳದು 400ರ ಮೇಲಿತ್ತು. ಅಂದರೆ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಸೀದಾ ಮೂರನೇ ಸೆಮಿಸ್ಟರಿಗೆ ಸೇರಿದವಳು. ಮೊದಲ ವರ್ಷ ಇರಲೇ ಇಲ್ಲ, ಮುಚ್ಚಿಡುವುದೇನು? ಡಿಪ್ಲೊಮಾ ಮಾರ್ಕ್ಸ್ ಕಾರ್ಡ್ ತರಿಸಿ ಕಳಿಸಿದೆ, ಕೆಂಪು ಹೋಯಿತು.

ಇನ್ನೊಮ್ಮೆ ಉಲ್ಟಾ ಪ್ರಶ್ನೆ. ಬೆಂಗಳೂರಿನ ಎಂಜಿನಿಯರ್ ಎಂದರೆ ವಿಟಿಯು ಇರಬೇಕಲ್ಲ, ಇವನ ಸರ್ಟಿಫಿಕೇಟ್ ಬೆಂಗಳೂರು ವಿಶ್ವವಿದ್ಯಾಲಯದ್ದು ಯಾಕೆ? ಕೆ.ಆರ್. ವೃತ್ತದ ಯುವಿಸಿಇ ಎಂಬ ಎಂಜಿನಿಯರಿಂಗ್ ಕಾಲೇಜಿನ ಕಥೆ ಹೇಳಬೇಕಾಯಿತು. 1998ರಲ್ಲಿ ವಿಟಿಯು ಹುಟ್ಟಿದಮೇಲೂ ಆ ಕಾಲೇಜು ತುಂಬ ವರ್ಷ ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಉಳಿದಿತ್ತು. ಹಾಗೇ 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾದ ವಿಷಯವೂ. ಕಾಲೇಜಿನ ಬೋರ್ಡಿನ ಮೇಲೆ ಈಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಎಂದಿರಬಹುದು, 2014ರಲ್ಲಿ ಪಾಸಾದವರ ಸರ್ಟಿಫಿಕೇಟಿನಲ್ಲಿ ಹಳೇ ಹೆಸರೇ ಇರಬೇಕು. ಇದೇ ಲೆಕ್ಕ ಸುಳ್ಳನ್ನೂ ಹಿಡಿದುಕೊಡುತ್ತದೆ. ಎಸ್ಸೆಸ್ಸೆಲ್ಸಿ ಮಂಡಳಿ ಮತ್ತು ಪಿಯು ಪರೀಕ್ಷೆಗಳು ಒಂದೇ ಮಂಡಳಿಯಾಗಿದ್ದು 2022ರಲ್ಲಿ. ಅದಕ್ಕಿಂತ ಹಳೇ ದಿನಾಂಕದ ಕಾರ್ಡಿನಲ್ಲಿ ಹೊಸ ಹೆಸರು ಕಂಡರೆ ನಾನು ಟೀ ಕುಡಿಯುವುದನ್ನು ನಿಲ್ಲಿಸುತ್ತೇನೆ.

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವುದು ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ ಹೆಸರಿನ ಕೊನೆಗೆ ಒಂದು 'ಎನ್'. ಡಿಗ್ರಿಯಲ್ಲಿ ಅದೇ 'ಎನ್' ಹೆಸರಿಗಿಂತ ಮೊದಲು. ಪಾಸ್‌ಪೋರ್ಟಿನಲ್ಲಿ 'ಎನ್' ಬಿಡಿಸಿ ಅಪ್ಪನ ಪೂರ್ತಿ ಹೆಸರು ಸರ್‌ನೇಮ್ ಆಗಿದೆ. ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ನಮಗೆ ಇದು ನಿತ್ಯದ ಮಾತು, ಅಲ್ಲಿ ಕೂತವರಿಗೆ ಮೂರು ಬೇರೆ ಬೇರೆ ಮನುಷ್ಯರು. ಕ್ಯಾಸ್‌ನಲ್ಲಿ ಹೆಸರು ಪಾಸ್‌ಪೋರ್ಟಿನಂತೆಯೇ ಇರಬೇಕು. ಇಂಥ ಕಡೆ ನನ್ನನ್ನು ಕಾಪಾಡುವುದು ಎಸ್ಸೆಸ್ಸೆಲ್ಸಿ ಕಾರ್ಡು. ಅದರಲ್ಲಿ ಅಪ್ಪ-ಅಮ್ಮನ ಹೆಸರು, ಹುಟ್ಟಿದ ದಿನಾಂಕ ಎರಡೂ ಇರುತ್ತವೆ. ಪಾಸ್‌ಪೋರ್ಟಿನ ಕೊನೆ ಪುಟದ ಜೊತೆ ಅದನ್ನು ಜೋಡಿಸಿದರೆ ಬಹಳಷ್ಟು ಗೋಜಲು ಬಿಡುತ್ತದೆ. ಉಳಿದಿದ್ದಕ್ಕೆ ಇಬ್ಬರೂ ಒಬ್ಬರೇ ಎಂದು ನೋಟರಿ ಅಫಿಡವಿಟ್. ಇದನ್ನು ಅರ್ಜಿ ಹಾಕುವ ಮೊದಲೇ ಮಾಡಿಸಿಕೊಳ್ಳಿ. ಆಗಸ್ಟ್‌ನಲ್ಲಿ ಓಡಾಡಬೇಡಿ. ಹಾಂ, ಮಾರ್ಕ್ಸ್ ಕಾರ್ಡನ್ನು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಪ್ರೀತಿಯಿಂದ ಮಾಡಿಸಿರುತ್ತಾರೆ, ಗೊತ್ತು. ಆದರೆ ಆಮೇಲೆ ಅದರ ಕಾಗದ, ಮುದ್ರೆ ಏನನ್ನೂ ಮುಟ್ಟಿ ನೋಡಲಾಗುವುದಿಲ್ಲ.

ಅಂಕವನ್ನು ನೀವೇ ಪರ್ಸೆಂಟೇಜ್ ಮಾಡಿ ಬರೆಯುವುದೂ ಬೇಡ. ಸಿಜಿಪಿಎಯನ್ನು (ಹತ್ತಕ್ಕೆ ಕೊಡುವ ಸರಾಸರಿ ಗ್ರೇಡು) 9.5ರಿಂದ ಗುಣಿಸಿ ಕಳಿಸುವವರು ಇನ್ನೂ ಇದ್ದಾರೆ. ಅದು ಸಿಬಿಎಸ್‌ಇ ಹತ್ತನೇ ತರಗತಿಗೆ ಇಟ್ಟಿದ್ದ ಸೂತ್ರ, ನಿಮ್ಮ ಬಿಇಗೆ ಅಲ್ಲ. ನಿಮ್ಮ ವಿಶ್ವವಿದ್ಯಾಲಯದ್ದೇ ಸೂತ್ರ ಇರುತ್ತದೆ, ಅದರ ಪ್ರತಿ ಕೊಡಿ. ಫೇಲಾಗಿ ಮತ್ತೆ ಬರೆದ ವಿಷಯಗಳ ಕಾರ್ಡನ್ನೂ ಕೊಟ್ಟುಬಿಡಿ. ಕಾರ್ಡಿನ ಮೇಲಿನ ತಿಂಗಳು-ವರ್ಷ ನೋಡಿದರೆ ಬ್ಯಾಕ್‌ಲಾಗ್ ನಮಗೆ ಹೇಗೂ ಕಾಣುತ್ತದೆ.

ಇಲ್ಲಿ ಎಲ್ಲ ಮುಗಿದಮೇಲೂ ಅಲ್ಲಿ ನೋಂದಣಿ ದಿನ ಒರಿಜಿನಲ್ ಕೇಳುತ್ತಾರೆ. ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಹೋದ ಸೆಪ್ಟೆಂಬರ್‌ನಲ್ಲಿ ಒಬ್ಬ ಹುಡುಗ ಕೈಚೀಲದಲ್ಲಿ ಚಟ್ನಿಪುಡಿ, ಹುರಿಗಾಳು ಇಟ್ಟುಕೊಂಡು, ಮಾರ್ಕ್ಸ್ ಕಾರ್ಡನ್ನೆಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿದ. ಸೂಟ್‌ಕೇಸು ದಾರಿಯಲ್ಲೇ ಉಳಿಯಿತು. ನೋಂದಣಿ ಸಾಲಿನಲ್ಲಿ ನಿಂತು ನನಗೆ ಫೋನ್ ಮಾಡಿದ, ಇಲ್ಲಿ ರಾತ್ರಿ ಎಂಟು ಗಂಟೆ. ಡಿಜಿಲಾಕರ್ ತೆಗೆದು ಇಶ್ಯೂಡ್ ಕಡೆ ಇರುವುದನ್ನು ತೋರಿಸು ಎಂದೆ. ಕೌಂಟರಿನಲ್ಲಿದ್ದಾಕೆ ಅದನ್ನು ಮುಂದಿಟ್ಟುಕೊಂಡು, ನಾವು ಜೂನ್‌ನಲ್ಲೇ ಹಾಕಿದ್ದ ವೆರಿಫಿಕೇಷನ್ ಟಿಪ್ಪಣಿ ಜೊತೆ ಹೋಲಿಸಿ, ಸದ್ಯಕ್ಕೆ ನೋಂದಾಯಿಸಿಕೊಂಡಳಂತೆ. ಒರಿಜಿನಲ್ ತೋರಿಸಲು ಒಂದು ವಾರ ಟೈಮ್ ಕೊಟ್ಟಳು. ಸೂಟ್‌ಕೇಸು ನಾಲ್ಕನೇ ದಿನ ಬಂತು.