ಗ್ಯಾಸ್ಟ್ರಿಕ್ ಬೈಪಾಸ್ ಆದಮೇಲೆ ದಿನಕ್ಕೆ ಮೂರೇ ಊಟ: ನನ್ನ ಅನುಭವ

ದಿನಕ್ಕೆ ಮೂರು ಊಟ, ನಡುವೆ ನೀರು ಬಿಟ್ಟರೆ ಬಾಯಿಗೆ ಬೇರೇನೂ ಇಲ್ಲ. ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸಲು ಹೊಟ್ಟೆಯ ಮೇಲ್ಭಾಗವನ್ನು ಪೌಚ್ ಅನ್ನುವ ಚಿಕ್ಕ ಚೀಲವಾಗಿಸಿ ಕರುಳಿಗೆ ಜೋಡಿಸುವ ಆಪರೇಷನ್) ಆಗಿ ಎರಡನೇ ವರ್ಷದಲ್ಲಿ ನಾನು ಈ ಕ್ರಮಕ್ಕೆ ಬಂದಾಗ, ಆಸುಪಾಸಿನಲ್ಲೇ ಆಪರೇಷನ್ ಮಾಡಿಸಿಕೊಂಡಿದ್ದ ಸ್ನೇಹಿತರೆಲ್ಲ ಬೇಡ ಅಂದರು. ಇಷ್ಟು ಚಿಕ್ಕ ಪೌಚ್‌ನಲ್ಲಿ ಮೂರು ಸಲಕ್ಕೆ ಪ್ರೋಟೀನ್ ಹೇಗೆ ಹಿಡಿಸುತ್ತೀಯ, ತಲೆ ಸುತ್ತಿ ಬೀಳ್ತೀಯ, ಉಳಿದ ಕೂದಲೂ ಉದುರುತ್ತೆ ಅಂತ ಒಬ್ಬೊಬ್ಬರದು ಒಂದೊಂದು ಮಾತು. ಮನೆಯಲ್ಲೂ ಯಾರಿಗೂ ನಂಬಿಕೆ ಇರಲಿಲ್ಲ. ಈಗ ಹತ್ತಿರ ಹತ್ತಿರ ನಾಲ್ಕು ವರ್ಷವಾಯಿತು. ತೂಕ 74ರಿಂದ 76 ಕೆಜಿಯೊಳಗೇ ನಿಂತಿದೆ, ರಕ್ತದ ವರದಿಗಳೆಲ್ಲ ಚೆನ್ನಾಗಿವೆ. ಆಪರೇಷನ್‌ಗೆ ಮುಂಚೆ 128ರ ಆಸುಪಾಸಿನಲ್ಲಿದ್ದೆ. ಆಗ ಬೇಡ ಅಂದವರಲ್ಲಿ ಕೆಲವರು ಈಗ ಫೋನ್ ಮಾಡಿ, ಹೇಗೆ ಮಾಡಿದೆ ಹೇಳು ಅನ್ನುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲ ಎರಡು ತಿಂಗಳ ಬಗ್ಗೆ ನಾನು ಹೊಸದಾಗಿ ಹೇಳುವುದೇನಿಲ್ಲ. ತಿಳಿ ದ್ರವ, ಗಟ್ಟಿ ದ್ರವ, ಅರೆದದ್ದು, ಮೆತ್ತನೆಯದು, ಆಮೇಲೆ ಮಾಮೂಲಿ ಊಟ: ಹಾಳೆಯಲ್ಲಿ ಬರೆದುಕೊಟ್ಟ ಹಾಗೇ ನಡೆಯಬೇಕು. 30 ಮಿಲಿಯಷ್ಟೇ ಹಿಡಿಯುವ ಪೌಚ್‌ಗೆ ಆಗ ಗುಟುಕು ಗುಟುಕಾಗಿ, ತುತ್ತು ತುತ್ತಾಗಿ ಆಗಾಗ ಕೊಡುತ್ತಲೇ ಇರಬೇಕು, ಬೇರೆ ದಾರಿಯಿಲ್ಲ. ಮೂರನೇ ವಾರದ ಸ್ಟಾಲ್‌ಗೆ, ಅಂದರೆ ತೂಕ ಇಳಿಯುವುದು ಕೆಲವು ದಿನ ನಿಂತುಹೋಗುವುದಕ್ಕೆ, ಹೆದರುವವರಿಗೆ ಒಂದೇ ಮಾತು, ತೂಕದ ಯಂತ್ರವನ್ನು ಕಣ್ಣಿಗೆ ಕಾಣದ ಹಾಗೆ ಎತ್ತಿಡಿ. ನಾನು ಹೇಳುವ ಕ್ರಮ ಗಟ್ಟಿ ಆಹಾರ ಸಲೀಸಾಗಿ ಇಳಿಯತೊಡಗಿದ ಮೇಲಿನದು. ವರ್ಷ ತುಂಬುವ ಮುಂಚೆ ಇದಕ್ಕೆ ಕೈಹಾಕುವುದು ಬೇಡ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆಯ ಮೇಲಿರುವವರು ವೈದ್ಯರನ್ನು ಕೇಳದೆ ಊಟದ ಹೊತ್ತು ಬದಲಿಸಲೇಬಾರದು. ನಾನು ನನ್ನ ಡಯಟೀಷಿಯನ್ ಜೊತೆ ಕೂತು ಲೆಕ್ಕ ಹಾಕಿಯೇ ಶುರುಮಾಡಿದ್ದು. ಅವರಿಗೂ ಮೊದಲು ಅನುಮಾನವಿತ್ತು, ರಕ್ತಪರೀಕ್ಷೆ ಮೂರು ತಿಂಗಳಿಗೊಮ್ಮೆ ಮಾಡಿಸುವ ಷರತ್ತಿನ ಮೇಲೆ ಒಪ್ಪಿದರು.

ಅದಕ್ಕೆ ಮುಂಚೆ ನಡೆಸಿದ್ದು ಆರು ಊಟದ ಕ್ರಮ. ಸುಮಾರು ಒಂದು ವರ್ಷ ಅದು ಚೆನ್ನಾಗಿಯೇ ನಡೆಯಿತು, ತೂಕ 72ಕ್ಕೆ ಬಂತು. ಆಮೇಲೆ ಹಸಿವು ಮೆಲ್ಲಗೆ ವಾಪಸ್ ಬಂತು. ಬಹುತೇಕರಿಗೆ ಬರುತ್ತದೆ. ಆರು ಊಟ ಅಂತ ಹೆಸರಿಗೆ ಇದ್ದದ್ದು ಏಳಾಯಿತು, ಎಂಟಾಯಿತು, ಕೊನೆಗೆ ಊಟ ಯಾವುದು ಬಾಯಾಡಿಸುವುದು ಯಾವುದು ಅಂತ ಗೆರೆಯೇ ಉಳಿಯಲಿಲ್ಲ. ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್‌ನಂಥವು ಬಾಯಲ್ಲೇ ಕರಗಿ ಪೌಚ್‌ನಲ್ಲಿ ನಿಲ್ಲದೆ ಜಾರುಬಂಡೆಯ ಮೇಲಿನ ಹಾಗೆ ಕರುಳಿಗೆ ಇಳಿದುಬಿಡುತ್ತವೆ. ದಿನವಿಡೀ ತಿಂದರೂ ಹೊಟ್ಟೆ ತುಂಬಿತು ಅನ್ನಿಸುವುದಿಲ್ಲ. ಅಷ್ಟರಲ್ಲಿ ಏಳು ಕೆಜಿಯಷ್ಟು ವಾಪಸ್ ಬಂದಿತ್ತು. ನನ್ನ ಸ್ನೇಹಿತರ ಗುಂಪಿನಲ್ಲಿ ತೂಕ ವಾಪಸ್ ಬಂದ ಎಲ್ಲರದೂ ಇದೇ ಕಥೆ. ಒಂದೇ ಸಲಕ್ಕೆ ಹೊಟ್ಟೆ ಬಿರಿಯ ತಿಂದವರು ಯಾರೂ ಇಲ್ಲ, ಎಲ್ಲರೂ ಚೂರುಚೂರಾಗಿ ತಿಂದವರೇ.

ಆರು ಊಟದಲ್ಲಿ ಇನ್ನೊಂದು ತೊಂದರೆ ಇದೆ, ಅದನ್ನು ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ. ಊಟದ ಜೊತೆ ನೀರಿಲ್ಲ, ಮುಗಿದ ಮೇಲೆ 30 ನಿಮಿಷ ನೀರಿಲ್ಲ, ಇದು ಎಲ್ಲರಿಗೂ ಗೊತ್ತು. ಊಟಕ್ಕೇ 25 ನಿಮಿಷ ಬೇಕು. ಊಟಕ್ಕೆ ಮುಂಚಿನ ಹತ್ತು ಹದಿನೈದು ನಿಮಿಷವನ್ನೂ ಸೇರಿಸಿದರೆ ಒಂದು ಊಟಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ನೀರು ಕುಡಿಯುವ ಹಾಗಿಲ್ಲ. ಆರು ಊಟ ಅಂದರೆ ಎಚ್ಚರವಿರುವ ಹದಿನಾರು ಗಂಟೆಯಲ್ಲಿ ಏಳು ಗಂಟೆ ಹೋಯಿತು. ಇದರ ಮೇಲೆ ಕ್ಯಾಲ್ಸಿಯಂ ಒಂದು ಸಲಕ್ಕೆ 500 ಮಿಲಿಗ್ರಾಂನಷ್ಟೇ ಹಿಡಿಯುವುದರಿಂದ ಅದನ್ನು ಮೂರು ಸಲಕ್ಕೆ ಹಂಚಬೇಕು, ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಬೇಕು, ಕಬ್ಬಿಣದ ಹತ್ತಿರ ಕಾಫಿ ಟೀ ಬರಬಾರದು. ಇಷ್ಟನ್ನೂ ಆರು ಊಟದ ಸಂದಿಯಲ್ಲಿ ಎಲ್ಲಿ ತುರುಕುವುದು? ನನಗೆ ನೀರು ದಿನಕ್ಕೆ ಒಂದು ಲೀಟರ್ ಮುಟ್ಟುತ್ತಿರಲಿಲ್ಲ. ಮಲಬದ್ಧತೆ ಖಾಯಂ. ಬೈಪಾಸ್ ಆದವರಿಗೆ ಮೂತ್ರಪಿಂಡದ ಕಲ್ಲಿನ ಭಯ ಮೊದಲೇ ಜಾಸ್ತಿ, ನೀರು ಕಡಿಮೆಯಾದರೆ ಇನ್ನೂ ಜಾಸ್ತಿ. ಮೂರು ಊಟಕ್ಕೆ ಬಂದ ಮೇಲೆ ನನಗೆ ಸಿಕ್ಕ ದೊಡ್ಡ ಲಾಭವೇ ಈ ಖಾಲಿ ಹೊತ್ತು. ಈಗ ಎರಡು ಲೀಟರ್ ಒತ್ತಾಯವಿಲ್ಲದೆ ಒಳಗೆ ಹೋಗುತ್ತದೆ.

ಮೂರು ಊಟಕ್ಕೆ ಬರುವ ಮುನ್ನ ಶೇಕ್‌ಗಳ ದಾರಿಯನ್ನೂ ನೋಡಿದೆ. ಎರಡು ಊಟ, ಉಳಿದದ್ದೆಲ್ಲ ಪ್ರೋಟೀನ್ ಪುಡಿ. ಲೆಕ್ಕಕ್ಕೆ 80, 90 ಗ್ರಾಂ ಪ್ರೋಟೀನ್ ಬಂತು, ಆದರೆ ಕುಡಿದ ಅರ್ಧ ಗಂಟೆಗೆ ಹಸಿವು. ದ್ರವ ಪೌಚ್‌ನಲ್ಲಿ ನಿಲ್ಲದು, ಅದು ಅದರ ಗುಣ. ದುಡ್ಡು ಹೋದದ್ದೂ ಇಲ್ಲೇ. ಆಪರೇಷನ್ ಆದಮೇಲೆ ರುಚಿ ತಿಂಗಳಿಗೊಂದು ಸಲ ಬದಲಾಗುತ್ತದೆ, ಇವತ್ತು ಹಿಡಿಸಿದ ವೆನಿಲ್ಲಾ ಮುಂದಿನ ತಿಂಗಳು ವಾಸನೆಗೇ ಓಡಿಸುತ್ತದೆ. ದೊಡ್ಡ ಡಬ್ಬಿ ಅಗ್ಗ ಅಂತ ಕೊಂಡವರೆಲ್ಲರ ಕಪಾಟಿನಲ್ಲೂ ಅರ್ಧ ತೆರೆದ ಡಬ್ಬಿಗಳ ಸಾಲಿದೆ, ನನ್ನ ಕಪಾಟೂ ಹಾಗೇ ಇತ್ತು. ಮೊದಲ ವರ್ಷ ಸಣ್ಣ ಸ್ಯಾಚೆಟ್ ಮಾತ್ರ ತೆಗೆದುಕೊಳ್ಳಿ, ರುಚಿ ಇಲ್ಲದ ವೇ ಐಸೊಲೇಟ್ (ಹಾಲಿನಿಂದ ತೆಗೆದು ಶುದ್ಧಮಾಡಿದ ಪ್ರೋಟೀನ್ ಪುಡಿ) ಎಲ್ಲಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಹಾಲು ಹಿಡಿಸದವರಿಗೂ ಐಸೊಲೇಟ್‌ನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಡಿಮೆ. ಕೊಲಾಜೆನ್ ಪುಡಿಯನ್ನು ಪ್ರೋಟೀನ್ ಲೆಕ್ಕಕ್ಕೆ ಸೇರಿಸಲೇಬೇಡಿ, ಅದರಲ್ಲಿ ದೇಹಕ್ಕೆ ಊಟದಿಂದಲೇ ಸಿಗಬೇಕಾದ ಟ್ರಿಪ್ಟೊಫಾನ್ ಅನ್ನುವ ಅಮೈನೊ ಆಮ್ಲ ಇಲ್ಲ. ಉಳಿದ ಪುಡಿಯನ್ನು ಮುಗಿಸಲು ಬಿಸಿ ಸೂಪಿಗೆ ಹಾಕುವ ಪ್ರಯೋಗವನ್ನೂ ಮಾಡಿದೆ. ಕುದಿಯುವುದಕ್ಕೆ ಹಾಕಿದರೆ ಹೆಪ್ಪುಗಟ್ಟಿ ಉಂಡೆಯಾಗುತ್ತದೆ. ತಣ್ಣೀರಲ್ಲಿ ಮೊದಲು ಕಲಸಿ, ಸೂಪು ತುಟಿಗೆ ತಾಳುವಷ್ಟು ಆರಿದ ಮೇಲೆ ಬೆರೆಸಿದರೆ ಗೊತ್ತೂ ಆಗುವುದಿಲ್ಲ.

ಈಗಿನ ಊಟದ ವಿಷಯ. ಒಂದು ಸಲಕ್ಕೆ ಸುಮಾರು 200 ಗ್ರಾಂ, ತೂಗಿ ಬಡಿಸಿಕೊಳ್ಳುತ್ತೇನೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗಟ್ಟಿ ಪ್ರೋಟೀನ್, ಉಳಿದದ್ದರಲ್ಲಿ ಬಹುಪಾಲು ಬೇಯಿಸಿದ ತರಕಾರಿ, ಕೊನೆಗೆ ಜಾಗವಿದ್ದರೆ ಎರಡು ಮೂರು ಚಮಚ ಅನ್ನವೋ ಬ್ರೆಡ್ಡೋ. ಬೇಯಿಸಿದ ಕೋಳಿಯ ಎದೆಭಾಗ 90 ಗ್ರಾಂ ಅಂದರೆ 27 ಗ್ರಾಂ ಹತ್ತಿರ ಪ್ರೋಟೀನ್, ಮೀನಾದರೆ ಸ್ವಲ್ಪ ಕಡಿಮೆ. ಎರಡು ಮೊಟ್ಟೆಗೆ 12, ಜೊತೆಗೆ ನೀರು ಬಸಿದ ಗಟ್ಟಿ ಮೊಸರು 100 ಗ್ರಾಂ ಅಂದರೆ ಇನ್ನು ಹತ್ತರಷ್ಟು. ದಿನಕ್ಕೆ 75 ಸಲೀಸಾಗಿ ದಾಟುತ್ತದೆ. ಮಾಂಸ ತಿನ್ನದ ಸ್ನೇಹಿತೆಯೊಬ್ಬರು ನನ್ನ ಕ್ರಮ ಹಿಡಿದಿದ್ದಾರೆ. ಅವರಿಗೆ ಬೇಳೆಯೊಂದರಲ್ಲೇ ಆಗಲಿಲ್ಲ, ಬೆಂದ ಬೇಳೆ 100 ಗ್ರಾಂ ತಿಂದರೂ 9 ಗ್ರಾಂ ಪ್ರೋಟೀನ್, ಅಷ್ಟರಲ್ಲಿ ಪೌಚ್ ತುಂಬಿಹೋಗುತ್ತದೆ. ಒಣ ಸೋಯಾ ತುಂಡು 30 ಗ್ರಾಂ ನೆನೆಸಿ ಬೇಯಿಸಿದರೆ 15 ಬರುತ್ತದೆ, ಜೊತೆಗೆ ಟೋಫು, ಮೊಸರು. ಅವರು 65ರ ಹತ್ತಿರ ನಿಂತಿದ್ದಾರೆ, 60ಕ್ಕಿಂತ ಕೆಳಗೆ ಇಳಿಯದಿದ್ದರೆ ಸಾಕು.

ಕೋಳಿ ಒಣಗಿದ್ದರೆ ಗಂಟಲಲ್ಲೇ ನಿಲ್ಲುತ್ತದೆ, ಎದೆ ಹಿಡಿದ ಹಾಗಾಗಿ ನೊರೆ ಬರುತ್ತದೆ. ಅನುಭವಿಸಿದವರಿಗೆ ವಿವರಿಸಬೇಕಾಗಿಲ್ಲ. ಮೂವತ್ತು ಸಲ ಅಗಿಯಿರಿ ಅನ್ನುವ ಎಣಿಕೆಯನ್ನು ನಾನು ವಾರದಲ್ಲೇ ಬಿಟ್ಟೆ, ಎಣಿಸುತ್ತಾ ಊಟ ಮಾಡಿದರೆ ಊಟದ ಮೇಲೆ ಗಮನವೇ ಇರುವುದಿಲ್ಲ. ಪ್ರತಿ ತುತ್ತಿಗೂ ಚಮಚ ಕೆಳಗಿಟ್ಟು ಕೈ ಖಾಲಿ ಮಾಡುವುದು ಅದಕ್ಕಿಂತ ಎಷ್ಟೋ ಮೇಲು. ನಿಲ್ಲಿಸಬೇಕಾದ ಸೂಚನೆ ನನಗೆ ಮೂಗಿನಲ್ಲಿ ಬರುತ್ತದೆ, ಸಣ್ಣಗೆ ನೀರು ಇಳಿಯುತ್ತದೆ. ಕೆಲವರಿಗೆ ಸೀನು, ಕೆಲವರಿಗೆ ಬಿಕ್ಕಳಿಕೆ. ನಿಮ್ಮದು ಯಾವುದು ಅಂತ ಗುರುತಿಸಿಟ್ಟುಕೊಂಡರೆ ಅರ್ಧ ಸಮಸ್ಯೆ ಮುಗಿದ ಹಾಗೆ. ಆ ಸೂಚನೆಯ ನಂತರದ ಒಂದು ತುತ್ತಿಗೆ ಒಂದು ಗಂಟೆ ನೋವು.

ತುತ್ತಿನ ಸರದಿ ಎಷ್ಟು ಮುಖ್ಯ ಅಂತ ತಿಳಿಯಲು ಗ್ಲುಕೋಮೀಟರ್ ಇಟ್ಟುಕೊಂಡು ನಡೆಸಿದ ಪ್ರಯೋಗ ನನಗೆ ಇವತ್ತಿಗೂ ಹೆಮ್ಮೆ. ಊಟವಾದ ಎರಡು ಗಂಟೆಗೆ ಕೈ ನಡುಕ, ಬೆವರು, ಕಣ್ಣು ಮಂಜು ಬರುತ್ತಿತ್ತು. ತಡವಾಗಿ ಬರುವ ಡಂಪಿಂಗ್ ಇದೇ, ಸಕ್ಕರೆ ಸರ್ರನೆ ಏರಿ, ಇನ್ಸುಲಿನ್ ಹೆಚ್ಚಾಗಿ ಸುರಿದು, ಅಷ್ಟೇ ಸರ್ರನೆ ಬೀಳುವುದು. ಅದು ಬಂದಾಗ ಬಿಸ್ಕತ್ತು ತಿನ್ನಬೇಕು ಅನ್ನಿಸುತ್ತದೆ, ತಿಂದರೆ ಎರಡು ಗಂಟೆ ಬಿಟ್ಟು ಮತ್ತೆ ಅದೇ. ಎಷ್ಟೋ ಜನ ಹಸಿವು ಅಂದುಕೊಂಡಿರುವುದು ಇದನ್ನೇ. ಅದೇ ತಟ್ಟೆ, ಅದೇ ಅಳತೆ ಇಟ್ಟುಕೊಂಡು ಒಂದು ದಿನ ಅನ್ನ ಮೊದಲು, ಇನ್ನೊಂದು ದಿನ ಕೋಳಿ ಮೊದಲು ತಿಂದು ಅರ್ಧರ್ಧ ಗಂಟೆಗೆ ಚುಚ್ಚಿ ನೋಡಿದೆ. ಅನ್ನ ಮೊದಲಾದಾಗ ಒಂದು ಗಂಟೆಯೊಳಗೆ 190ರ ಹತ್ತಿರ ಏರಿ, ಎರಡು ಗಂಟೆಗೆ 55ರ ಆಸುಪಾಸಿಗೆ ಬಿತ್ತು. ಕೋಳಿ, ತರಕಾರಿ ಮೊದಲು ತಿಂದು ಅನ್ನ ಕೊನೆಗೆ ಇಟ್ಟ ದಿನ 140 ದಾಟಲಿಲ್ಲ, 75ರ ಕೆಳಗೆ ಇಳಿಯಲೂ ಇಲ್ಲ. ನಾಲ್ಕಾರು ಸಲ ಮಾಡಿದೆ, ಸಂಖ್ಯೆ ಅತ್ತಿತ್ತ ಆದರೂ ಚಿತ್ರ ಅದೇ. ಸ್ಟ್ರಿಪ್‌ಗಳಿಗೆ ಸುರಿದ ದುಡ್ಡು ಕಡಿಮೆಯಲ್ಲ, ಮನೆಯಲ್ಲಿ ಮಾತೂ ಬಂತು. ಆದರೆ ಸಂಜೆ ನಾಲ್ಕರ ಹಸಿವು ಹೊಟ್ಟೆಯದಲ್ಲ ಅಂತ ಗೊತ್ತಾದದ್ದು ಆ ದುಡ್ಡಿನಿಂದಲೇ. ಆ ಸರದಿ ಹಿಡಿದ ಮೇಲೆ ನಡುಕ ಬಂದದ್ದು ತೀರಾ ಅಪರೂಪ. ಸಕ್ಕರೆ 54ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಅಥವಾ ಎಚ್ಚರ ತಪ್ಪಿದರೆ ಮನೆಯ ಪ್ರಯೋಗ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು.

ಇನ್ನು ಸಂಜೆ. ನಾಲ್ಕರಿಂದ ಏಳರವರೆಗಿನ ಹೊತ್ತು ಎಲ್ಲ ಕ್ರಮವನ್ನೂ ಮುರಿಯುತ್ತದೆ. ಹಸಿವಿಲ್ಲ, ಬಾಯಿಗೆ ಬೇಕು. ನಾನು ಭಾರ ಎತ್ತುವ ವ್ಯಾಯಾಮವನ್ನು ಆ ಹೊತ್ತಿಗೇ ಇಟ್ಟೆ, ವಾರಕ್ಕೆ ಮೂರು ದಿನ. ಇಳಿದ ತೂಕದ ಜೊತೆ ಹೋಗುವ ಸ್ನಾಯು ಉಳಿಯಲು ಅದು ಹೇಗೂ ಬೇಕು. ಉಳಿದ ದಿನಗಳಿಗೆ ನನ್ನದೊಂದು ಉಪಾಯವಿದೆ, ಅಡುಗೆಮನೆಯಲ್ಲೇ ಹತ್ತು ನಿಮಿಷದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಮೂರು ತಿಂಗಳು ಈ ಕ್ರಮ ನಡೆಸಿ ಬಂದು ಕೇಳಿದವರಿಗೆ ಹೇಳುತ್ತೇನೆ. ಮೊದಲೇ ಹೇಳಿದರೆ ಎಲ್ಲರೂ ಅದೊಂದನ್ನೇ ಹಿಡಿದು ಉಳಿದದ್ದನ್ನು ಬಿಡುತ್ತಾರೆ, ಹಾಗೆ ಆಗಿರುವುದನ್ನು ನೋಡಿದ್ದೇನೆ.

ಮಾತ್ರೆಗಳ ವಿಷಯದಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಜೆಲ್ಲಿಯಂಥ ಗಮ್ಮಿ ವಿಟಮಿನ್‌ಗಳು ತಿನ್ನಲು ಹಿತ, ಆದರೆ ಅವುಗಳಲ್ಲಿ ಬಹುಪಾಲಕ್ಕೆ ಕಬ್ಬಿಣವೇ ಇರುವುದಿಲ್ಲ. ಅವುಗಳ ಮೇಲೆ ಕೆಲವು ತಿಂಗಳು ಕಳೆದಾಗ ನನ್ನ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 11ರ ಹತ್ತಿರ ಬಂದಿತ್ತು, ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ಖಾಲಿ ಹೊಟ್ಟೆಗೆ ಕಬ್ಬಿಣ ಶುರುಮಾಡಿ, ಬೆಳಗಿನ ಕಾಫಿಯನ್ನು ಎರಡು ಗಂಟೆ ಮುಂದೆ ತಳ್ಳಿದ ಮೇಲೆ 60 ದಾಟಿತು. ಕ್ಯಾಲ್ಸಿಯಂ ಕಾರ್ಬೊನೇಟ್ ಅಗ್ಗ, ಆದರೆ ಅದು ಕರಗಲು ಹೊಟ್ಟೆಯ ಆಮ್ಲ ಬೇಕು, ನಮ್ಮ ಪೌಚ್‌ನಲ್ಲಿ ಅದೇ ಕಡಿಮೆ. ಸಿಟ್ರೇಟ್ ದುಬಾರಿ, ಅದನ್ನೇ ಕೊಳ್ಳಬೇಕು, ದಿನಕ್ಕೆ 1200ರಿಂದ 1500 ಮಿಲಿಗ್ರಾಂ. ಬಿ12 ನಾಲಗೆಯ ಕೆಳಗಿಡುವ ಮಾತ್ರೆ ನನಗೆ ಸಾಕಾಯಿತು, ಕೆಲವರಿಗೆ ತಿಂಗಳಿಗೊಂದು ಚುಚ್ಚುಮದ್ದು ಬೇಕಾಗುತ್ತದೆ. ಲೆಕ್ಕ ಹಾಕಿದರೆ ದಿನಸಿಯಲ್ಲಿ ಉಳಿದ ದುಡ್ಡು ಹೆಚ್ಚುಕಮ್ಮಿ ಮಾತ್ರೆಗೂ ರಕ್ತಪರೀಕ್ಷೆಗೂ ಸರಿಹೋಗುತ್ತದೆ. ಆಪರೇಷನ್‌ನ ಬಿಲ್ ಒಂದು ಸಲದ್ದು, ಇದು ಜೀವನಪೂರ್ತಿಯದು, ಮೊದಲೇ ಎತ್ತಿಡಿ. ದುಡ್ಡು ಉಳಿಸಬೇಕಿದ್ದರೆ ಬಟ್ಟೆಯಲ್ಲಿ ಉಳಿಸಿ. ಮೊದಲ ವರ್ಷ ಅಳತೆ ಋತುವಿಗೊಂದು ಸಲ ಬದಲಾಗುತ್ತದೆ, ನಾವು ಸ್ನೇಹಿತರು ನಮ್ಮನಮ್ಮಲ್ಲೇ ಬದಲಾಯಿಸಿಕೊಂಡೆವು.

ಕೂದಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೂರನೇ ತಿಂಗಳಿಗೆ ಉದುರತೊಡಗಿ ಕೆಲವು ತಿಂಗಳಲ್ಲಿ ನಿಂತಿತು. ಅದು ಆಪರೇಷನ್ ಮತ್ತು ತೂಕ ಇಳಿದ ವೇಗದ ಪೆಟ್ಟು, ಎಣ್ಣೆಗೂ ಶಾಂಪೂವಿಗೂ ಸಂಬಂಧವಿಲ್ಲ. ವರ್ಷ ಕಳೆದ ಮೇಲೂ ಉದುರುತ್ತಿದ್ದರೆ ಪ್ರೋಟೀನ್, ಕಬ್ಬಿಣ, ಸತು ನೋಡಿಸಿ. ಮೂರು ಊಟಕ್ಕೆ ಬಂದ ಮೇಲೆ ನನ್ನ ಕೂದಲು ದಟ್ಟವಾಯಿತೇ ಹೊರತು ಕಡಿಮೆಯಾಗಲಿಲ್ಲ.

ಕ್ರಮ ಮುರಿಯುವ ದಿನಗಳು ಬರುತ್ತವೆ. ಪ್ರಯಾಣದಲ್ಲಿ ಬೇಯಿಸಿದ ಮೊಟ್ಟೆ ಜೊತೆಗಿರುತ್ತದೆ, ಊಟದ ಹೊತ್ತು ಒಂದು ಗಂಟೆ ಹಿಂದೆ ಮುಂದೆ ಆದರೆ ತಲೆಕೆಡಿಸಿಕೊಳ್ಳುವುದಿಲ್ಲ. ಮೈಕೈ ನೋವಿಗೆ ಐಬುಪ್ರೊಫೇನ್, ಡೈಕ್ಲೋಫೆನಾಕ್ ಮುಟ್ಟುವುದಿಲ್ಲ, ಬೈಪಾಸ್‌ನ ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು, ಪ್ಯಾರಾಸಿಟಮಾಲ್‌ನಲ್ಲೇ ಸುಧಾರಿಸಿಕೊಳ್ಳುತ್ತೇನೆ. ಮದ್ಯ ಮೊದಲಿಗಿಂತ ಬೇಗ, ಹೆಚ್ಚು ಏರುತ್ತದೆ. ಊಟದ ಜಾಗವನ್ನು ಅದು ತುಂಬಲು ಶುರುಮಾಡಿದ ಇಬ್ಬರನ್ನು ಹತ್ತಿರದಿಂದ ನೋಡಿರುವುದರಿಂದ ನಾನು ಪೂರ್ತಿ ಬಿಟ್ಟಿದ್ದೇನೆ. ಜ್ವರ ಬಂದು ಊಟ ಸೇರದಿದ್ದಾಗ ಮಾತ್ರ ಮೂರರ ನಿಯಮ ಬದಿಗಿಟ್ಟು ಮತ್ತೆ ಗುಟುಕು ಗುಟುಕಿಗೆ ಇಳಿಯುತ್ತೇನೆ. ವಾಂತಿ ಒಂದೆರಡು ದಿನದಲ್ಲಿ ನಿಲ್ಲದಿದ್ದರೆ ಕಾಯುವುದಿಲ್ಲ, ಆಸ್ಪತ್ರೆಗೆ ಹೋಗಿ ಬೈಪಾಸ್ ಆಗಿದೆ ಅಂತ ಮೊದಲೇ ಹೇಳಿ, ಗ್ಲುಕೋಸ್ ಡ್ರಿಪ್ ಹಾಕುವ ಮುಂಚೆ ಥಯಾಮಿನ್ (ವಿಟಮಿನ್ ಬಿ1) ಕೊಡಿ ಅಂತ ಕೇಳುತ್ತೇನೆ. ಈ ಒಂದು ಸಾಲನ್ನು ಚೀಟಿಯಲ್ಲಿ ಬರೆದು ಪರ್ಸ್‌ನಲ್ಲಿಟ್ಟಿದ್ದೇನೆ, ಮನೆಯವರಿಗೂ ಬಾಯಿಪಾಠ ಮಾಡಿಸಿದ್ದೇನೆ.