ಇಲಿಜ್ವರ: ಯಾವ ಪ್ರಾಣಿಯ ರೋಗಾಣು ಎಂದರಿತು ಕೊಟ್ಟಿಗೆ ಕಾಯುವ ಕ್ರಮ

ಮಳೆಗಾಲ ಹಿಡಿದ ಮೇಲೆ ಕರಾವಳಿ ಮತ್ತು ಮಲೆನಾಡಿನಲ್ಲಿ ಇಲಿಜ್ವರದ ಮಾತು ಕೇಳಿಬಂದರೆ ಜನ ಮೊದಲು ತರುವುದು ಇಲಿ ಪಾಷಾಣವನ್ನು. ಅದು ತಪ್ಪಲ್ಲ, ಆದರೆ ದನ ಸಾಕಿದವರಿಗೆ ಅಷ್ಟೇ ಸಾಲದು. ಈ ಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾದಲ್ಲಿ 250ಕ್ಕೂ ಹೆಚ್ಚು ಬಗೆಗಳಿದ್ದು, ಅವುಗಳಲ್ಲಿ ಹಲವು ಒಂದೊಂದು ಪ್ರಾಣಿಗೆ ಒಗ್ಗಿಕೊಂಡಿವೆ. ಇಕ್ಟೆರೊಹೆಮರ್‍ಹೇಜಿಯೆ ಎಂಬುದು ಇಲಿಗೆ, ಕೆನಿಕೋಲ ನಾಯಿಗೆ, ಪೊಮೋನ ಹಂದಿಗೆ, ಹಾರ್ಡ್ಜೊ ಹಸುವಿಗೆ ಒಗ್ಗಿದ ಬಗೆಗಳು. ಆದ್ದರಿಂದ ಏನನ್ನು ಶುಚಿ ಮಾಡಬೇಕೆಂದು ನಿರ್ಧರಿಸುವ ಮುನ್ನ, ರೋಗಾಣು ಯಾವ ಪ್ರಾಣಿಯಿಂದ ಬರುತ್ತಿರಬಹುದೆಂದು ಕೇಳಿಕೊಳ್ಳಬೇಕು.

ಒಗ್ಗಿಕೊಂಡ ಪ್ರಾಣಿಯಲ್ಲಿ ಈ ಸುರುಳಿಯಾಕಾರದ ಜೀವಿ ಮೂತ್ರಪಿಂಡದ ಸೂಕ್ಷ್ಮ ನಾಳಗಳ ಗೋಡೆಗೆ ಅಂಟಿಕೊಂಡು ನೆಲೆಸುತ್ತದೆ. ಇಲಿಗೆ ಕಾಯಿಲೆಯ ಲಕ್ಷಣವೇ ಕಾಣದು. ಆದರೂ ಅದರ ಮೂತ್ರದಲ್ಲಿ ತಿಂಗಳುಗಟ್ಟಲೆ ರೋಗಾಣು ಹೊರಬೀಳುತ್ತಲೇ ಇರುತ್ತದೆ. ಮನುಷ್ಯ ಈ ರೋಗಾಣುವಿನ ಸಹಜ ಆಶ್ರಯವಲ್ಲ, ದಾರಿ ತಪ್ಪಿ ಸಿಕ್ಕಿದ ದೇಹ. ಹಾಗಾಗಿಯೇ ನಮ್ಮಲ್ಲಿ ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳಿಗೆ ಪೆಟ್ಟು ಬೀಳುವಷ್ಟು ರೋಗ ಉಲ್ಬಣಿಸಬಹುದು.

ಹಸುವಿಗೆ ಒಗ್ಗಿದ ಹಾರ್ಡ್ಜೊ ಬಗೆಯಲ್ಲೇ ಹಾರ್ಡ್ಜೊಬೋವಿಸ್ ಎಂಬ ತಳಿಯ ಕಥೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಇಲಿಯ ತಳಿಯ ಜೀನೋಮಿನಲ್ಲಿ, ಎಂದರೆ ಅದರ ಇಡೀ ಡಿಎನ್‌ಎ ಬರಹದಲ್ಲಿ, ಸುಮಾರು 46 ಲಕ್ಷ ಅಕ್ಷರಗಳಿದ್ದರೆ ಇದರಲ್ಲಿರುವುದು ಸುಮಾರು 39 ಲಕ್ಷ ಮಾತ್ರ. ಹೊರಗಿನ ನೀರಿನಲ್ಲಿ ಬದುಕಲು ನೆರವಾಗುವ ಅನೇಕ ಜೀನ್‌ಗಳನ್ನು ಅದು ಕಳೆದುಕೊಂಡು, ಹಸುವಿನಿಂದ ಹಸುವಿಗೆ ನೇರವಾಗಿ ದಾಟುವುದನ್ನೇ ನೆಚ್ಚಿಕೊಂಡಿದೆ. ಇಲಿಯ ತಳಿಯಾದರೋ ನಿಂತ ನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಕಾಯಬಲ್ಲುದು. ಎರಡರ ದಾರಿಯೂ ಬೇರೆಯಾದ್ದರಿಂದ ತಡೆಯುವ ಬಗೆಯೂ ಬೇರೆ.

ಇಲಿಯ ದಾರಿಗೆ ಎದುರಾಳಿ ಒಣ ನೆಲ. ಗಂಜಲ ನಿಲ್ಲದಂತೆ ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಕೊಟ್ಟು, ಹಿಂಡಿ ಬೂಸಾಗಳನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡಿ. ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಮೊದಲು ಸಗಣಿಯನ್ನು ಪೂರ್ತಿ ತೊಳೆದು ತೆಗೆಯಬೇಕು, ಏಕೆಂದರೆ ಸಗಣಿಯ ನಡುವೆ ಅದರ ಶಕ್ತಿ ಕುಂದುತ್ತದೆ. ಗದ್ದೆಗಿಳಿಯುವಾಗ ಗಮ್‌ಬೂಟು ಧರಿಸಿ, ಕಾಲಿನ ಗಾಯ ಬಿರುಕುಗಳನ್ನು ನೀರು ಸೇರದಂತೆ ಮುಚ್ಚಿಕೊಳ್ಳಿ.

ಹಸುವಿನ ದಾರಿಯನ್ನು ಗುರುತಿಸಲು ಹಾಲು ಕರೆಯುವವರ ಕೈಯೇ ಬೇಕು. ಇದ್ದಕ್ಕಿದ್ದಂತೆ ಹಾಲಿನ ಪ್ರಮಾಣ ಕುಸಿಯುತ್ತದೆ. ಕೆಚ್ಚಲು ಬಾವಿನಲ್ಲಿ ಆಗುವಂತೆ ಕೆಚ್ಚಲು ಗಟ್ಟಿಯಾಗಿ ಬಿಸಿಯಾಗುವುದಿಲ್ಲ, ನಾಲ್ಕೂ ಭಾಗ ಮೆತ್ತಗೆ ಜೋಲುತ್ತದೆ. ಬಂದ ಹಾಲು ಗಿಣ್ಣಿನಂತೆ ಹಳದಿಯಾಗಿ ಮಂದವಾಗಿರುತ್ತದೆ, ಕೆಲವೊಮ್ಮೆ ರಕ್ತದ ಎಳೆಯೂ ಇರುತ್ತದೆ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸು ಕಂದು ಹಾಕಬಹುದು. ಅಂಥ ಹಸುವನ್ನು ಬೇರೆ ಕಟ್ಟಿ, ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಬಿದ್ದ ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಿ, ನಾಯಿ ಎಳೆದೊಯ್ಯದಂತೆ ನೋಡಿಕೊಳ್ಳಿ. ಹಾಲು ಕರೆಯುವಾಗ ಹಸು ಗಂಜಲ ಹುಯ್ದರೆ ಮುಖಕ್ಕೆ ಸಿಡಿಯುವುದು ಸಾಮಾನ್ಯ. ರೋಗಾಣು ಕಣ್ಣು, ಬಾಯಿಗಳ ತೆಳುಪೊರೆಯ ಮೂಲಕವೂ ಒಳಸೇರುವುದರಿಂದ ಎದ್ದು ಪಕ್ಕಕ್ಕೆ ಸರಿದು, ಸಿಡಿದಿದ್ದರೆ ಕೂಡಲೇ ಶುದ್ಧ ನೀರಿನಿಂದ ತೊಳೆದುಕೊಳ್ಳಬೇಕು. ಹಾಲನ್ನು ಕುದಿಸದೆ ಕುಡಿಯಬೇಡಿ. ಸಾಕುನಾಯಿಗೆ ಲೆಪ್ಟೊ ಸೇರಿದ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿ.

ಇಷ್ಟಾದರೂ ಜ್ವರ ಬಂದರೆ, ರೋಗಾಣು ಒಳಸೇರಿದ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ, ಮೀನಖಂಡದ ತೀವ್ರ ನೋವು ಮತ್ತು ಪಿಸುರಿಲ್ಲದೆ ಕೆಂಪಾದ ಕಣ್ಣುಗಳೊಂದಿಗೆ ಅದು ಕಾಣಿಸಿಕೊಳ್ಳುತ್ತದೆ. ವೈದ್ಯರು ಕೇಳುವವರೆಗೆ ಕಾಯದೆ, ಕೊಟ್ಟಿಗೆಯ ಕೆಲಸ ಮಾಡಿದ್ದನ್ನೂ ಹಸು ಕಂದು ಹಾಕಿದ್ದನ್ನೂ ನೀವೇ ಹೇಳಿ. ಮೊದಲ ವಾರದಲ್ಲಿ ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬರುವುದುಂಟು. ಅದನ್ನು ನಂಬಿ ಮನೆಗೆ ಮರಳಬೇಡಿ, ಅನುಮಾನವಿದ್ದರೆ ವೈದ್ಯರು ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಅಥವಾ ಪೆನಿಸಿಲಿನ್ ಆರಂಭಿಸುತ್ತಾರೆ.